ಸೋತವರು ಹೇಳಬೇಕಾದ ಮಾತು

ನನ್ನ ಸ್ವಂತ ಅಕ್ಕನ ಮುಖ ನೋಡಿ, ನಲವತ್ತು ಜನರ ಎದುರು, "ನಿಮ್ಮ ಹೆಸರೇನು?" ಎಂದು ಕೇಳಿದವಳು ನಾನು. ಗುರುತು ಸಿಗದೆ ಕೇಳಿದ್ದಲ್ಲ. ಗುರುತು ಚೆನ್ನಾಗಿ ಸಿಕ್ಕಿತ್ತು. ಇವಳು ನನ್ನ ಅಕ್ಕ ಎಂದು ಹೇಳಬೇಕಿತ್ತು, ಅಷ್ಟೇ. ಹೇಳಲಿಲ್ಲ.

ಇದನ್ನು ಬರೆಯುತ್ತಿರುವಾಗ ನನ್ನ ಹೊಲಿಗೆ ಮಿಷನ್ನಿನ ಮೇಲೆ ಕಿತ್ತಳೆ ಬಣ್ಣದ ಒಂದು ಉಲ್ಲನ್ ಉಂಡೆ ಕುಳಿತಿದೆ. ಉಂಡೆ ಎನ್ನುವುದು ಮರ್ಯಾದೆಗೆ. ನಿಜ ಹೇಳಬೇಕಾದರೆ ಅದು ಕಾಗೆ ಗೂಡಿನ ಹಾಗಿದೆ. ಎಳೆದ ಕಡೆಯಿಂದ ಬರುವುದಿಲ್ಲ, ಬಾರದ ಕಡೆಯಲ್ಲಿ ಇನ್ನೊಂದು ಗಂಟು. ಕುಂಬ್ರದಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವವರೆಲ್ಲ ಅದನ್ನು ನೋಡಿ, "ಎಂತ ಹೇಮಕ್ಕ, ಸ್ವೆಟರ್ ಹಾಕ್ಲಿಕ್ಕೆ ಸುರು ಮಾಡಿದ್ರಾ ಈ ಸೆಕೆಗೆ?" ಎಂದು ಕೇಳಿ ನಗುತ್ತಾರೆ. ನಾನೂ ನಗುತ್ತೇನೆ. ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ನಿಮಗೆ ಹೇಳುತ್ತೇನೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಅದನ್ನೂ ಪೂರ್ತಿ ಮಾಡಲಿಲ್ಲ. ಹಾಗಾಗಿ ನನಗೆ ಜನರ ಗುರುತು ಹೆಸರಿನಿಂದ ಉಳಿಯುವುದು ಕಡಿಮೆ, ಅಳತೆಯಿಂದ ಉಳಿಯುತ್ತದೆ. ದಾರಿಯಲ್ಲಿ ಯಾರಾದರೂ ನಗಾಡಿದರೆ ಹೆಸರು ನೆನಪಾಗುವ ಮೊದಲು ಎದೆ ಮೂವತ್ತಾರು, ತೋಳು ಹತ್ತು, ಕುತ್ತಿಗೆ ಸ್ವಲ್ಪ ಇಳಿಸಬೇಕು ಎಂದು ನೆನಪಾಗುತ್ತದೆ. ಪಂಚಾಯಿತಿ ಮೆಂಬರ್ ಒಬ್ಬರು ಭಾಷಣ ಮಾಡುತ್ತಿರುವಾಗ ಅವರ ಬಲ ತೋಳು ಎಡ ತೋಳಿಗಿಂತ ಕಾಲು ಇಂಚು ದಪ್ಪ ಎಂದು ಯೋಚಿಸುತ್ತಾ ಕೂತು, ಚಪ್ಪಾಳೆ ತಟ್ಟುವಲ್ಲಿ ತಟ್ಟದೆ ಉಳಿದವಳು ನಾನು. ಯಾರ ಬೆನ್ನು ಬಾಗಿದೆ, ಯಾರ ಸೊಂಟ ಇಳಿದಿದೆ ಎಂದು ಟೇಪು ಹೇಳುತ್ತದೆ. ಯಾಕೆ ಇಳಿಯಿತು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಅವರೂ ತಿರುಗಿ ನನ್ನನ್ನು ಏನಾದರೂ ಕೇಳುತ್ತಾರಲ್ಲ.

ಈ ತಿರುಗಿ ಕೇಳುವುದಕ್ಕೆ ನಾನು ಜೀವಮಾನವಿಡೀ ಹೆದರಿದ್ದೇನೆ. ನಮ್ಮ ಪುತ್ತೂರು, ಸುಳ್ಯದ ಕಡೆ ಹೊಸಬರ ಗುರ್ತ ಮಾಡಿಕೊಳ್ಳಲು ಆಟಗೀಟ ಏನೂ ಬೇಡ. ಬಸ್ಸಿನಲ್ಲಿ ಪಕ್ಕ ಕೂತರೆ ಸಾಕು.

"ನಿಮ್ಗೆ ಎಲ್ಲಿ ಆಯ್ತು?"

"ಕುಂಬ್ರ."

"ತಾಯಿ ಮನೆ?"

"ಸುಳ್ಯದ ಹತ್ತಿರ. ಮಂಡೆಕೋಲು."

"ಹೌದಾ! ಮಂಡೆಕೋಲಿನಲ್ಲಿ ಯಾರ ಮನೆ? ನಮ್ಮ ಚಿಕ್ಕಮ್ಮನ ನಾದಿನಿಯನ್ನು ಅಲ್ಲಿಗೇ ಕೊಟ್ಟದ್ದು ಮಾರಾಯ್ರೆ."

ಇನ್ನೆರಡು ಸ್ಟಾಪು ಹೋಗುವಷ್ಟರಲ್ಲಿ ನೀವು ಅವರಿಗೆ ಏನಾದರೊಂದು ಆಗಿಯೇ ಆಗುತ್ತೀರಿ. ಅತ್ತಿಗೆಯೋ, ಭಾವನ ತಂಗಿಯೋ. ಏನೂ ಆಗದೆ ಇಳಿಯಲು ಬಿಡುವುದಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಆ ಪ್ರಶ್ನೆಗಳ ಸಾಲಿನಲ್ಲಿ ನಾಲ್ಕನೆಯದೋ ಐದನೆಯದೋ, "ನೀವು ಒಟ್ಟು ಎಷ್ಟು ಮಂದಿ ಮಕ್ಕಳು?" ಎಂಬುದು ಬರುತ್ತದೆ. ಅದು ಬರುವ ಮೊದಲೇ ನಾನು ತಲೆಯನ್ನು ಕಿಟಕಿಗೆ ಒರಗಿಸಿ ಕಣ್ಣು ಮುಚ್ಚುವುದನ್ನು ಕಲಿತೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನನ್ನಷ್ಟು ನಿದ್ದೆ ಮಾಡಿದವರು ಬೇರೆ ಇರಲಿಕ್ಕಿಲ್ಲ. ಒಂದು ದಿನವೂ ನಿದ್ದೆ ಬಂದದ್ದಲ್ಲ.

ನಾವು ಮೂವರು. ಅಣ್ಣ, ಅಕ್ಕ, ಕೊನೆಯವಳು ನಾನು. ಆದರೆ ಮದುವೆಯಾಗಿ ಬಂದಂದಿನಿಂದ ನಾನು ಹೇಳುತ್ತಾ ಬಂದದ್ದು, "ಒಬ್ಬ ಅಣ್ಣ, ಮತ್ತೆ ನಾನು."

ಅಕ್ಕನ ಹೆಸರು ದೇವಕಿ. ಅವಳಿಗೂ ನನಗೂ ಏಳು ವರ್ಷದ ಅಂತರ. ನಮ್ಮ ಅಮ್ಮ ನಾನು ಮಾತು ಕಲಿಯುವ ಮೊದಲೇ ತೀರಿಹೋದರು. ಅಲ್ಲಿಂದ ನಾನು ಅಕ್ಕನ ಎಡ ಸೊಂಟದ ಮೇಲೆ ಬೆಳೆದೆ. ಬಲಗೈಯಲ್ಲಿ ಕೊಡಪಾನ, ಎಡಕ್ಕೆ ನಾನು. ನಡೆಯಲು ಬಂದ ಮೇಲೂ ನಡೆಯದೆ ಅವಳ ಮೇಲೇ ಹತ್ತುತ್ತಿದ್ದೆ ಎಂದು ಅಜ್ಜಿ ಬೈಯುತ್ತಿದ್ದರು: "ಆ ಹುಡುಗಿಯ ಹೆಗಲು ಇಳಿದುಹೋಯ್ತು, ನೋಡು ನೀನು!" ಇಳಿದದ್ದು ಹೌದು. ಅಕ್ಕನ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ. ನಾನು ಟೇಪು ಹಿಡಿಯುವುದಕ್ಕಿಂತ ಎಷ್ಟೋ ಮೊದಲೇ ಕಲಿತ ಅಳತೆ ಅದೊಂದೇ.

ನಿಮಗೆ ಚೆನ್ನೆಮಣೆ ಗೊತ್ತಿರಬಹುದು. ಮರದ ಹಲಗೆಯಲ್ಲಿ ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಕೆಂಪು ಮಂಜೊಟ್ಟಿ ಬೀಜ. ಬೀಜ ಹಂಚುತ್ತಾ ಹೋಗಿ ಎದುರಿನವರ ಬೀಜ ಗೆಲ್ಲುವ ಆಟ. ಮಳೆಗಾಲದಲ್ಲಿ ಮನೆಮನೆಯಲ್ಲಿ ಅಟ್ಟದಿಂದ ಇಳಿಸಿ ಆಡುತ್ತಿದ್ದರು. ಆದರೆ ಅಕ್ಕ ತಂಗಿ ಮಾತ್ರ ಎದುರುಬದುರು ಕೂತು ಆಡಬಾರದು ಎಂದು ನಮ್ಮಲ್ಲಿ ಶಾಸ್ತ್ರ. ಆಡಿದರೆ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗುತ್ತದಂತೆ. ಅಜ್ಜಿ ಅದನ್ನು ಎಷ್ಟು ಗಟ್ಟಿ ನಂಬಿದ್ದರೆಂದರೆ, ಅಣ್ಣ ಮನೆಯಲ್ಲಿ ಇಲ್ಲದ ದಿನ, ನಾವಿಬ್ಬರೇ ಆಡಿಬಿಡುತ್ತೇವೆಂದು, ಮಣೆಯ ಮೇಲೆ ತಾವೇ ಕೂತುಬಿಡುತ್ತಿದ್ದರು.

ಇದಕ್ಕೆ ಉಪಾಯ ಹುಡುಕಿದವಳು ಅಕ್ಕ. ದನದ ಹಟ್ಟಿಯ ಹಿಂದೆ, ಮಾಡಿನ ನೀರು ಬೀಳದ ಜಾಗದಲ್ಲಿ, ಕತ್ತಿಯ ತುದಿಯಿಂದ ನೆಲದಲ್ಲೇ ಹದಿನಾಲ್ಕು ಗುಳಿ ತೋಡಿದಳು. ಮಂಜೊಟ್ಟಿಯ ಬದಲು ಹುಣಿಸೆ ಬೀಜ. ನಾನು ಕೇಳಿದೆ, "ಮುಖ ನೋಡದ ಹಾಗೆ ಆದ್ರೆ?"

"ಅಕ್ಕ ತಂಗಿ ಆಡಿದ್ರೆ ಅಲ್ವಾ ಹಾಗೆ ಆಗುದು? ನಾವು ಈಗ ಅಕ್ಕ ತಂಗಿ ಅಲ್ಲ," ಎಂದಳು. "ನಾವು ಗುರ್ತ ಇಲ್ಲದವರು. ನೀನು ನಮ್ಮ ಮನೆಗೆ ಮೊದಲ ಸಲ ಬಂದದ್ದು. ಬಾ, ಬರುವಲ್ಲಿಂದ ಸುರು ಮಾಡುವ."

ಹಾಗೆ ಸುರುವಾಯಿತು. ನಮ್ಮ ಮನೆಮಾತು ಅರೆಭಾಷೆ, ಸುಳ್ಯದ ಕಡೆಯ ಒಂದು ಬಗೆಯ ಕನ್ನಡ. ಆದರೆ ಗುರ್ತ ಇಲ್ಲದವರು ಅರೆಭಾಷೆ ಆಡಬಾರದಲ್ಲ, ಶಾಲೆಯ ಪುಸ್ತಕದ ಕನ್ನಡ ಆಡಬೇಕು. ಒಂದು ತೆಂಗಿನ ಗೆರಟೆಯಲ್ಲಿ ನೀರು, ಬೆಲ್ಲ ಎಂದು ಒಂದು ಕಲ್ಲಿನ ಚೂರು. ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ಅದೇ ತಾನೇ, ಬೆಲ್ಲ ಮತ್ತು ನೀರು.

"ದೂರದಿಂದ ಬಂದವರು, ಬಾಯಾರಿಕೆಯಾಗಿರಬಹುದು. ಬೆಲ್ಲ ನೀರು ತೆಗೆದುಕೊಳ್ಳಿ. ತಮ್ಮ ಹೆಸರೇನು?"

ನಾನು ದಿನಕ್ಕೊಂದು ಹೆಸರು ಹೇಳುತ್ತಿದ್ದೆ. ಒಂದು ದಿನ ಮಡಿಕೇರಿಯ ಮೋಹಿನಿ, ಒಂದು ದಿನ ಮೈಸೂರಿನ ಡಾಕ್ಟರ್ ಅಮ್ಮ. ಒಮ್ಮೆ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ಬಂದು ಬೆಲ್ಲ ನೀರು ಬೇಡ, ಸೋಡಾ ಬೇಕು ಎಂದಿದ್ದೆ. ಆಮೇಲೆ ಅಕ್ಕನ ಸರದಿ. ಅವಳು ಬಂದವಳಾದಾಗ ನಾನು ಕೇಳಬೇಕು, "ನಿಮ್ಮ ಹೆಸರೇನು?" ಅವಳಿಗೆ ಸುಳ್ಳು ಹೆಸರು ಹೊಳೆಯುತ್ತಲೇ ಇರಲಿಲ್ಲ. ಯಾವತ್ತೂ ಒಂದೇ ಉತ್ತರ. "ಹೆಸರು ದೇವಕಿ. ಊರು ದೂರ."

"ದೂರ ಅಂದ್ರೆ ಎಲ್ಲಿ?" ಎಂದು ನಾನು ಜೋರು ಮಾಡಿದರೆ, "ದೂರ ಅಂದ್ರೆ ದೂರವೇ" ಎಂದು ನಗುತ್ತಿದ್ದಳು.

ಆಟ ಮುಗಿದ ಮೇಲೆ ಗುರ್ತ ಇಲ್ಲದವರಾಗಿಯೇ ಉಳಿಯುವ ಹಾಗಿಲ್ಲ. ಅದಕ್ಕೂ ಅವಳೇ ಒಂದು ಕಟ್ಟಲೆ ಮಾಡಿದಳು. ಸೋತವರು ಮೊದಲು ಬಾಯಿ ಬಿಟ್ಟು, "ಆಟ ಸಾಕು" ಎನ್ನಬೇಕು. ಮತ್ತೆ ಎದುರಿನವರನ್ನು ಸಂಬಂಧ ಹಿಡಿದು ಕರೆಯಬೇಕು. ಆಗ ಮಾತ್ರ ನಾವು ಪುನಃ ಅಕ್ಕ ತಂಗಿ. ಅವಳು ಯಾವಾಗಲೂ ಸೋಲುತ್ತಿದ್ದಳು. "ಆಟ ಸಾಕು, ತಂಗೀ" ಎನ್ನುತ್ತಿದ್ದಳು. ನಾನು ಭಾರೀ ಬುದ್ಧಿವಂತೆ ಎಂದು ತಿಳಿದಿದ್ದೆ. ಬೀಜ ಎಣಿಸಿ ಹಂಚುವ ಆಟದಲ್ಲಿ, ಬೇಕೆಂದೇ ಸೋಲಲು ಗೆಲ್ಲುವವರಿಗಿಂತ ಹೆಚ್ಚು ಲೆಕ್ಕ ಗೊತ್ತಿರಬೇಕು ಎಂದು ತಿಳಿಯುವ ಪ್ರಾಯ ನನ್ನದಲ್ಲ.

ಒಂದೇ ಒಂದು ಸಲ ಅವಳು ಗೆದ್ದಳು. ನನಗೆ ಆಗ ಹನ್ನೆರಡು. ಆ ದಿನ ಅವಳ ಗಮನ ಬೇರೆಲ್ಲೋ ಇತ್ತು. ಸೋಲಲು ಮರೆತಳು ಎಂದೇ ಈಗ ನನಗೆ ಅನಿಸುವುದು. ಬೀಜವೆಲ್ಲ ಅವಳ ಮಡಿಲಿಗೆ ಹೋಯಿತು. ಸೋತವಳು ನಾನು, ನಾನು ಹೇಳಬೇಕು. "ಹೇಳು," ಎಂದಳು. ನಾನು ಹೇಳಲಿಲ್ಲ. ಗುಳಿಗಳನ್ನು ಕಾಲಿನಿಂದ ಅಳಿಸಿ ಒಳಗೆ ಓಡಿದೆ. ಹಿಂದಿನಿಂದ ಅವಳು ಎರಡು ಸಲ ಕರೆದದ್ದು ಕೇಳಿಸಿತು. "ಹೇಳಿ ಹೋಗು, ಹೇಮಾ. ಹೇಳದೆ ಹೋಗಬೇಡ."

ಮಾರನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಜಡೆ ಹಾಕಲು ಅಕ್ಕ ಇರಲಿಲ್ಲ.

ನಮ್ಮ ಊರಿಗೆ ರಬ್ಬರ್ ಟ್ಯಾಪಿಂಗಿಗೆ ಬಂದಿದ್ದ ಜೋಯಿ ಎಂಬವರ ಜೊತೆ ಹೋಗಿ ಮದುವೆಯಾದಳು ಎಂದು ಮಧ್ಯಾಹ್ನಕ್ಕೆ ಗೊತ್ತಾಯಿತು. ಅವರ ಹಿರಿಯರು ಕೇರಳದಿಂದ ಬಂದು ಕಡಬದ ಕಡೆ ಜಾಗ ಮಾಡಿಕೊಂಡವರು. ಜಾತಿ ಬೇರೆ, ಧರ್ಮ ಬೇರೆ. ಅಪ್ಪ ಬೊಬ್ಬೆ ಹಾಕಲಿಲ್ಲ. ಊಟಕ್ಕೆ ಕೂತಾಗ ಇಷ್ಟೇ ಹೇಳಿದರು. "ಇನ್ನು ಈ ಮನೆಯಲ್ಲಿ ಆ ಹೆಸರು ಬೇಡ." ಎದ್ದು ಕೈ ತೊಳೆದರು. ಅಡುಗೆಗೆ, ಹಟ್ಟಿಗೆ, ಹಾಸಿಗೆ ಹಿಡಿದ ಅಜ್ಜಿಗೆ ಇನ್ನು ಯಾರು? ನಾನೇ. ನನ್ನ ಏಳನೇ ಕ್ಲಾಸು ಅಲ್ಲಿಗೆ ನಿಂತಿತು. ಕನ್ನಡ ಪುಸ್ತಕದ ಅರ್ಧದಲ್ಲಿ ಇಟ್ಟಿದ್ದ ನವಿಲುಗರಿ ಅಲ್ಲೇ ಇತ್ತು, ನನ್ನ ಮಗಳಿಗೆ ಏಳನೇ ಕ್ಲಾಸು ಆಗುವವರೆಗೂ.

ಅಕ್ಕನ ಮೇಲೆ ನನಗೆ ಸಿಟ್ಟಿತ್ತು. ಅದನ್ನೂ ಮುಚ್ಚಿಡುವುದಿಲ್ಲ. ಅಪ್ಪನ ಮಾತಿಗೆ ಹೆದರಿ ಹೆಸರು ಬಿಟ್ಟೆ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅಪ್ಪ ಹೋಗಿ ಹದಿನೆಂಟು ವರ್ಷವಾಯಿತು. ನನ್ನ ಯಜಮಾನರು ಹೋಗಿ ಐದು. ಅಪ್ಪ ಸತ್ತಾಗ ಅಕ್ಕನಿಗೆ ಹೇಳಿ ಕಳಿಸೋಣ ಎಂದು ಅಣ್ಣನ ಹತ್ತಿರ ಒಂದು ಮಾತು ಎತ್ತಬಹುದಿತ್ತು. ಎತ್ತಲಿಲ್ಲ. ಮೊದಲು ಸಿಟ್ಟಿಗೆ ಬಿಟ್ಟ ಹೆಸರನ್ನು ಆಮೇಲೆ ಅಭ್ಯಾಸಕ್ಕೆ ಬಿಟ್ಟೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿಯಲು ಹೋದ ಮೇಲೆ ಮನೆಯಲ್ಲಿ ನಾನು, ಮಿಷನ್ನು, ಮತ್ತೆ ರೇಡಿಯೋ. ಕೆಲವು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆಯದೆ ಹೋಗುತ್ತದೆ. ಒಮ್ಮೆ ಸಂಜೆ ಹಾಲಿನವರು ಬಂದು ಮಾತಾಡಿಸಿದಾಗ ನನ್ನ ಸ್ವರ ಹೊರಡದೆ, "ಶೀತವಾ ಅಕ್ಕ?" ಎಂದು ಕೇಳಿಸಿಕೊಂಡಿದ್ದೇನೆ.

ಹೀಗಿರುವಾಗ ನಮ್ಮ ಮಹಿಳಾ ಸಂಘದಿಂದ ಬಟ್ಟೆ ಚೀಲ ಹೊಲಿಯುವ ಮೂರು ದಿನದ ತರಬೇತಿಗೆ ನನ್ನನ್ನೂ ಸರೋಜಿನಿಯನ್ನೂ ಕಳಿಸಿದರು. ಸರೋಜಿನಿ ನಮ್ಮ ನೆರೆಮನೆಯವಳು, ನನಗಿಂತ ಸ್ವಲ್ಪ ಸಣ್ಣವಳು, ಮೂಗಿನ ಮೇಲೆ ಕನ್ನಡಕ ನಿಲ್ಲದ ಹೆಂಗಸು. ತರಬೇತಿ ಕಡಬದ ಹತ್ತಿರದ ಒಂದು ಸಭಾಭವನದಲ್ಲಿ. ಕಡಬ ಎಂದಾಗ ಅಕ್ಕ ಹೋದ ಕಡೆ ಎಂದು ನೆನಪಾಯಿತು. ಕಡಬ ದೊಡ್ಡ ಊರು, ಅಲ್ಲಿ ಎಷ್ಟು ಜನರಿಲ್ಲ, ಎಂದು ಸಮಾಧಾನ ಮಾಡಿಕೊಂಡೆ.

ಕಲಿಸಲು ಬಂದದ್ದು ಅಶ್ವಿನಿ ಎಂಬ ಹುಡುಗಿ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಮೈಕ್ ಬೇಡದ ಗಂಟಲು. "ಮೊದಲು ಒಂದು ಐಸ್ ಬ್ರೇಕಿಂಗ್ ಆಟ ಆಡುವ!" ಎಂದಳು.

"ಐಸ್ ಉಂಟಾ ಮೇಡಂ?" ಎಂದು ಹಿಂದಿನಿಂದ ಒಬ್ಬರು ಕೇಳಿದರು. "ಒಡೆಯುದೆಂತಕ್ಕೆ, ಶರಬತ್ತಿಗೆ ಹಾಕುವ. ಎಂತ ಸೆಕೆ ಇದು!"

ಎಲ್ಲರೂ ನಕ್ಕರು. ಆಟ ಹೀಗೆ. ಎಲ್ಲರೂ ದುಂಡಗೆ ನಿಲ್ಲುವುದು. ಉಲ್ಲನ್ ಉಂಡೆ ಸಿಕ್ಕಿದವರು ತಮ್ಮ ಹೆಸರು, ಊರು, ಮನೆಯ ಸಂಗತಿ ಹೇಳಿ, ನೂಲಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು, ತಮಗೆ ಗುರ್ತ ಇಲ್ಲದ ಒಬ್ಬರಿಗೆ ಉಂಡೆ ಎಸೆದು ಅವರ ಹೆಸರು ಕೇಳಬೇಕು. ಕೊನೆಗೆ ನಡುವಿನಲ್ಲಿ ಜೇಡನ ಬಲೆಯ ಹಾಗೆ ಆಗುತ್ತದೆ. ಮತ್ತೆ ಬಲೆ ಬಿಚ್ಚುತ್ತಾ ಉಂಡೆಯನ್ನು ಬಂದ ದಾರಿಯಲ್ಲೇ ಹಿಂದೆ ಕಳಿಸುವುದು. ಕಳಿಸುವಾಗ ಎದುರಿನವರು ತಮ್ಮ ಬಗ್ಗೆ ಹೇಳಿದ್ದನ್ನು ನೆನಪಿನಿಂದ ಹೇಳಬೇಕು.

ಉಂಡೆ ನನ್ನ ಕೈಗೆ ಬಂತು. "ಹೆಸರು ಹೇಮಾವತಿ. ಕುಂಬ್ರ. ಬ್ಲೌಸ್ ಹೊಲಿಯುದು. ಒಬ್ಬಳು ಮಗಳು." ಅಲ್ಲಿಗೆ ನಿಲ್ಲಿಸಬಹುದಿತ್ತು. ಅಶ್ವಿನಿ, "ತವರಲ್ಲಿ?" ಎಂದಳು. ನಿಂತಲ್ಲೇ ನಿದ್ದೆ ಮಾಡಲು ಆಗುವುದಿಲ್ಲವಲ್ಲ. ಬಾಯಿಗೆ ಅಭ್ಯಾಸವಾದದ್ದು ಬಂತು. "ಮಂಡೆಕೋಲು. ಒಬ್ಬ ಅಣ್ಣ, ಮತ್ತೆ ನಾನು."

"ಅಡುಗೆಯವರು ಅಲ್ಲಿ ಬಾಗಿಲಲ್ಲಿ ನಿಂತು ನೋಡುದೆಂತ? ನೀವೂ ಬನ್ನಿ ಅಕ್ಕ, ಆಟಕ್ಕೆ ಎಲ್ಲರೂ ಬೇಕು," ಎಂದು ಅಶ್ವಿನಿ ಅಡುಗೆಕೋಣೆಯ ಕಡೆ ಕರೆದಳು.

ಸೆರಗಿಗೆ ಕೈ ಒರೆಸುತ್ತಾ ಒಬ್ಬರು ಬಂದು ನನ್ನ ಎದುರಿನ ಸಾಲಿನಲ್ಲಿ ನಿಂತರು. ನಾನು ಮುಖ ನೋಡಲಿಲ್ಲ. ಹೆಗಲು ನೋಡಿದೆ. ಎಡ ಹೆಗಲು, ಅರ್ಧ ಇಂಚು ಕೆಳಗೆ.

ಮೂವತ್ತನಾಲ್ಕು ವರ್ಷ. ಕೂದಲು ಪೂರ್ತಿ ಬಿಳಿ. ಮುಖದಲ್ಲಿ ಅಜ್ಜಿ ಬಂದು ಕೂತಿದ್ದರು. ನಾನು ಹೇಳಿದ್ದನ್ನು ಅವಳು ಬಾಗಿಲಲ್ಲಿ ನಿಂತು ಕೇಳಿದ್ದಳು ಎಂದು ಅವಳು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು.

"ಹೇಮಾವತಿಯವರೇ, ಅವರಿಗೇ ಬಿಸಾಡಿ! ಹೆಸರು ಕೇಳಿ!"

ನಲವತ್ತು ಜನ ನೋಡುತ್ತಿದ್ದಾರೆ. ಈಗಷ್ಟೇ ಒಬ್ಬ ಅಣ್ಣ, ಮತ್ತೆ ನಾನು ಎಂದ ಬಾಯಿ. ಉಂಡೆ ನನ್ನ ಕೈಯಿಂದ ಹೋಯಿತು. ಅವಳು ಹಿಡಿದಳು. ನಡುವೆ ಕಿತ್ತಳೆ ನೂಲು ಬಿಗಿದು ನಿಂತಿತು. ನಾನು ಕೇಳಿದೆ, ಅದೇ ಶಾಲೆಯ ಕನ್ನಡದಲ್ಲಿ: "ನಿಮ್ಮ ಹೆಸರೇನು?"

ಅವಳು ನೂಲನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಳು. ಮತ್ತೆ ಹೇಳಿದಳು, "ಹೆಸರು ದೇವಕಿ. ಊರು ದೂರ."

"ಎಂತ ದೂರ? ಇಲ್ಲೇ ಕೊಯಿಲದಿಂದ ನಡ್ಕೊಂಡು ಬಸ್ಸಿಗೆ ಬರುದಲ್ವಾ ನೀವು ದೇವಕಿಯಕ್ಕ!" ಎಂದು ಅಡುಗೆಯ ಇನ್ನೊಬ್ಬಳು ನಗಾಡಿದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳು ನನಗೆ ಮುಚ್ಚಿಕೊಳ್ಳಲು ಜಾಗ ಕೊಟ್ಟಿದ್ದಳು. ಆಟ ಎಂದು ಇಟ್ಟುಕೋ, ಎಂದ ಹಾಗೆ.

ಉಂಡೆ ಹಿಂದೆ ಬರುವ ಸುತ್ತು ಇನ್ನೂ ಇತ್ತಲ್ಲ. ಒಬ್ಬೊಬ್ಬರೇ ಬಿಚ್ಚುತ್ತಾ ಬಂದು ಉಂಡೆ ಪುನಃ ಅವಳ ಕೈ ಸೇರಿತು. ಇನ್ನು ಅವಳು ನನಗೆ ಎಸೆಯಬೇಕು, ನನ್ನ ಬಗ್ಗೆ ನೆನಪಿದ್ದದ್ದನ್ನು ಹೇಳಬೇಕು. ನನ್ನ ಮೊದಲ ಹಲ್ಲು ಬಿದ್ದದ್ದು ಗೊತ್ತಿರುವವಳು. ಕತ್ತಲೆಗೆ ಹೆದರಿ ನಾನು ಯಾವ ಬದಿಗೆ ತಿರುಗಿ ಮಲಗುತ್ತಿದ್ದೆ ಎಂದು ಗೊತ್ತಿರುವವಳು.

"ಇವರು ಹೇಮಾವತಿ," ಎಂದಳು. "ಕುಂಬ್ರದವರು. ಬ್ಲೌಸ್ ಹೊಲಿತಾರೆ. ಒಬ್ಬಳು ಮಗಳು. ತವರಲ್ಲಿ ಒಬ್ಬ ಅಣ್ಣ." ಒಂದು ಉಸಿರು ಬಿಟ್ಟು, "ಹೆಚ್ಚು ಗೊತ್ತಿಲ್ಲ," ಎಂದಳು.

"ನೋಡಿ, ಒಂದೂ ಬಿಡದೆ ಹೇಳಿದ್ರು! ಒಂದು ಚಪ್ಪಾಳೆ!" ಎಂದಳು ಅಶ್ವಿನಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಉಂಡೆ ಕೈಯಿಂದ ಜಾರಿ ಉರುಳಿ, ಕುರ್ಚಿಗಳ ಕಾಲಿಗೆ ಸುತ್ತಿಕೊಂಡು, ಈಗ ನೀವು ಕೇಳಿದ ಸ್ಥಿತಿಗೆ ಬಂದದ್ದು ಆವಾಗಲೇ. ಅಶ್ವಿನಿ ಕತ್ತರಿ ತೆಗೆದಳು. "ಬೇಡ ಮೇಡಂ, ನಾನು ಮನೆಯಲ್ಲಿ ಬಿಡಿಸಿ ಕೊಡ್ತೇನೆ," ಎಂದು ಚೀಲಕ್ಕೆ ತುಂಬಿಕೊಂಡೆ. ಮೂರು ದಿನದಲ್ಲಿ ನಾನು ಧೈರ್ಯದಿಂದ ಆಡಿದ ಮಾತು ಅದೊಂದೇ.

ಆ ಮೂರು ದಿನವೂ ಭವನದಲ್ಲಿ ಎಲ್ಲರ ಬಾಯಲ್ಲೂ ಅದೇ. "ದೇವಕಿಯಕ್ಕ, ಸ್ವಲ್ಪ ಸಾರು." "ಅಕ್ಕ, ಇನ್ನೊಂದು ಚಾ ಸಿಕ್ಕೀತಾ?" ನಿನ್ನೆ ಮೊನ್ನೆ ಕಂಡವರು ಬಾಯಿ ತುಂಬ ಅಕ್ಕ ಅಕ್ಕ ಎನ್ನುತ್ತಿದ್ದರು. ನಾನೊಬ್ಬಳು ಮಾತ್ರ, ಕರೆಯಬೇಕಾಗುತ್ತದೆ ಎಂದು ಚಾ ಕೇಳಲಿಲ್ಲ. ಕೇಳದಿದ್ದರೂ ಅವಳು ನನ್ನ ಮುಂದೆ ಲೋಟ ಇಟ್ಟು ಹೋಗುತ್ತಿದ್ದಳು. ಸಕ್ಕರೆ ಹೆಚ್ಚು, ಹಾಲು ಕಡಿಮೆ. ಸಣ್ಣವಳಿದ್ದಾಗ ನಾನು ಕುಡಿಯುತ್ತಿದ್ದ ಹಾಗೆ. ಈಗ ನನಗೆ ಶುಗರ್ ಉಂಟು. ಮೂರು ದಿನವೂ ಪೂರ್ತಿ ಕುಡಿದೆ.

ಹಿಂದೆ ಬರುವ ಬಸ್ಸಿನಲ್ಲಿ ಅಭ್ಯಾಸದಂತೆ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಸರೋಜಿನಿ ಕನ್ನಡಕ ಮೇಲೆ ತಳ್ಳಿ, "ನಿದ್ದೆ ಬಂದದ್ದಲ್ಲ ಅಂತ ನನಗೆ ಗೊತ್ತುಂಟು," ಎಂದಳು. "ಅದು ನಿಮ್ಮ ಅಕ್ಕ ಅಲ್ವಾ?"

ನಾನು ಕಣ್ಣು ಬಿಟ್ಟೆ.

"ನಿಮ್ಮ ಅತ್ತೆ ಇರುವಾಗಲೇ ಹೇಳಿದ್ರು. ದೊಡ್ಡ ಸೊಸೆಗೆ ಒಬ್ಬಳು ಅಕ್ಕ ಇದ್ದಾಳೆ, ಕೊಯಿಲದ ಕಡೆ, ಪಾಪ, ಇವಳು ಹೇಳುವುದಿಲ್ಲ, ನಾವು ಕೇಳುವುದಿಲ್ಲ ಅಂತ. ಊರಿಗೆಲ್ಲ ಗೊತ್ತುಂಟು ಹೇಮಕ್ಕ."

"ಮತ್ತೆ ನೀನು ಅಲ್ಲಿ ಎಂತಕ್ಕೆ ಹೇಳಲಿಲ್ಲ?"

"ನಾನು ಎಂತಕ್ಕೆ ಹೇಳುದು? ನನ್ನ ಅಕ್ಕನಾ?"

ಬೇರೆಯವರು ಬೈದರೆ ತಡೆದುಕೊಳ್ಳಬಹುದು, ಮಾರಾಯ್ರೆ. ಅವಳು ಬೈಯಲೂ ಇಲ್ಲ. ಚೀಲದಿಂದ ಕಡಲೆ ತೆಗೆದು ಕೊಟ್ಟಳು. ಇಷ್ಟು ವರ್ಷ ನಾನು ಯಾರಿಂದ ಮುಚ್ಚಿಟ್ಟಿದ್ದೆ? ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ನನ್ನ ನಿದ್ದೆಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದರು. ಗೊತ್ತಿಲ್ಲದವಳ ಹಾಗೆ ಇದ್ದದ್ದು ನಾನೊಬ್ಬಳೇ.

ತರಬೇತಿಯವರು ವಾಟ್ಸ್‌ಆ್ಯಪ್ ಗುಂಪು ಮಾಡಿ ಫೋಟೋ ಹಾಕಿದರು. ನೂಲಿನ ಬಲೆ ಚೆನ್ನಾಗಿ ಬಂದಿದೆ. ಎಲ್ಲ ನೂಲೂ ಸಡಿಲ, ಜೋತು ಬಿದ್ದಿವೆ. ಒಂದು ಮಾತ್ರ ನೆಟ್ಟಗೆ ಬಿಗಿದು ನಿಂತಿದೆ. ಒಂದು ತುದಿಯಲ್ಲಿ ನಾನು ನೆಲ ನೋಡುತ್ತಿದ್ದೇನೆ. ಇನ್ನೊಂದು ತುದಿಯಲ್ಲಿ ಅವಳು ನನ್ನನ್ನು ನೋಡುತ್ತಿದ್ದಾಳೆ. ಆ ಫೋಟೋವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ಉಲ್ಲನ್ ಬಿಡಿಸಲು ಕೂತರೆ ಒಂದು ಗಂಟು ಬಿಡಿಸುವಷ್ಟರಲ್ಲಿ ಕೈ ನಿಲ್ಲುತ್ತಿತ್ತು. ಹದಿನೈದು ದಿನ ಹೀಗೆ ಹೋಯಿತು.

ಮತ್ತೆ ಅಶ್ವಿನಿಗೆ ಫೋನು ಮಾಡಿ, "ಆ ಅಡುಗೆಯ ದೇವಕಿಯಕ್ಕನ ಮನೆ ಎಲ್ಲಿ ಮೇಡಂ?" ಎಂದು ಕೇಳಿದೆ.

"ಎಂತಕ್ಕೆ?"

"ಒಂದು ಬ್ಲೌಸ್ ಕೊಡ್ಲಿಕ್ಕುಂಟು." ನೋಡಿ, ಅಲ್ಲಿಯೂ ಸುಳ್ಳು.

ಒಂದು ಭಾನುವಾರ ಪುತ್ತೂರಿಗೆ ಹೋಗಿ ಅಲ್ಲಿಂದ ಕಡಬದ ಕಡೆಯ ಬಸ್ಸು ಹಿಡಿದೆ. ಆ ದಿನ ಕಣ್ಣು ಮುಚ್ಚಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಕಾದಿದ್ದವರಂತೆ ಸುರು ಮಾಡಿದರು. "ಎಲ್ಲಿಗೆ ಹೋಗುದು?" "ಕೊಯಿಲ." "ಕೊಯಿಲದಲ್ಲಿ ಯಾರ ಮನೆ?" ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ಗುರ್ತದವರ ಮನೆ." ಮೂವತ್ತನಾಲ್ಕು ವರ್ಷ ತುಕ್ಕು ಹಿಡಿದ ಬಾಯಿ ಒಂದು ಟಿಕೆಟಿಗೆ ಸರಿಯಾಗುತ್ತದೆಯೇ?

ದನಗಳ ಫಾರ್ಮಿನ ಹತ್ತಿರ ಇಳಿದು, ಕೇಳಿ ಕೇಳಿ ನಡೆದೆ. ಸಣ್ಣ ಹೆಂಚಿನ ಮನೆ. ಹಗ್ಗದಲ್ಲಿ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಜಗಲಿಯಲ್ಲಿ ಅಕ್ಕ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಜೊತೆಗೆ ಬಿಳಿ ಮುಂಡು, ಮೇಲೆ ಚಟ್ಟೆ ಎಂಬ ದೊಗಲೆ ರವಿಕೆ ತೊಟ್ಟ ಒಬ್ಬರು ಮುದುಕಿ, ನೆರೆಮನೆಯ ಅನ್ನಮ್ಮ ಎಂದು ಆಮೇಲೆ ತಿಳಿಯಿತು. ಅಕ್ಕ ನನ್ನನ್ನು ನೋಡಿದಳು. ಎದ್ದು ಒಳಗೆ ಹೋದಳು. ಅಂಗಳದಲ್ಲಿ ನಾನು, ನನ್ನ ಕೈಯಲ್ಲಿ ಚೀಲ, ಚೀಲದಲ್ಲಿ ಆ ಗಂಟು ಗಂಟು ಉಲ್ಲನ್. ಬಾಗಿಲು ಹಾಕಿಕೊಂಡರೆ ಹಿಂದೆ ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು ಕೂಡ ನಾನು ಕೇಳಿಕೊಂಡಿರಲಿಲ್ಲ.

ಅವಳು ಹೊರಗೆ ಬಂದಳು. ಕೈಯಲ್ಲಿ ಸಣ್ಣ ತಟ್ಟೆ. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಒಂದು ಲೋಟ ನೀರು.

"ದೂರದಿಂದ ಬಂದವರು," ಎಂದಳು, ಶಾಲೆಯ ಕನ್ನಡದಲ್ಲಿ. ತಟ್ಟೆ ನನ್ನ ಎದುರು ಹಿಡಿದಳು. "ಬಾಯಾರಿಕೆಯಾಗಿರಬಹುದು. ಬೆಲ್ಲ ನೀರು ತೆಗೆದುಕೊಳ್ಳಿ."

ಅನ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಇದು ಯಾರು ದೇವಕೀ? ನಿನಗೆ ಎಂತ ಆಗ್ಬೇಕು?"

"ಟ್ರೈನಿಂಗಿನಲ್ಲಿ ಗುರ್ತ ಆದವರು," ಎಂದಳು ಅಕ್ಕ, ನನ್ನಿಂದ ಕಣ್ಣು ತೆಗೆಯದೆ. "ಹೇಮಾವತಿ ಅಂತ. ಕುಂಬ್ರದವರು. ಹೆಚ್ಚು ಗೊತ್ತಿಲ್ಲ."

ಸೋತವರು ಹೇಳಬೇಕು. ಆ ಕಟ್ಟಲೆ ಅವಳೇ ಮಾಡಿದ್ದು. ಇಷ್ಟು ವರ್ಷವಾದರೂ ಸಡಿಲ ಬಿಡಲಿಲ್ಲ. ಗೆದ್ದವಳು ಅವಳು, ಅವಳು ಹೇಳುವ ಹಾಗಿಲ್ಲ. ನಾನು ಅಳಿಸಿ ಓಡಿದ ಗುಳಿಗಳ ಆ ಕಡೆ ಅವಳು ಇನ್ನೂ ಕಾದು ಕೂತಿದ್ದಾಳೆ ಎಂದು ನನಗೆ ಆಗ ಅನಿಸಿತು.

ಬೆಲ್ಲ ಬಾಯಿಗೆ ಹಾಕಲಿಲ್ಲ. ಚೀಲ ಕೆಳಗಿಟ್ಟೆ. ಅನ್ನಮ್ಮನ ಕಡೆ ತಿರುಗಿ, ಅವರಿಗೆ ಕೇಳುವ ಹಾಗೆ, "ನಾನು ಇವಳ ತಂಗಿ," ಎಂದೆ. ಮತ್ತೆ ಅಕ್ಕನ ಕಡೆ ತಿರುಗಿದೆ. ಶಾಲೆಯ ಕನ್ನಡ ಬಿಟ್ಟೆ. ಎಷ್ಟೋ ವರ್ಷದಿಂದ ಅವಳ ಹತ್ತಿರ ಆಡದ ನಮ್ಮ ಮನೆಮಾತಿನಲ್ಲಿ, ಗಟ್ಟಿಯಾಗಿ ಹೇಳಿದೆ:

"ಆಟ ಸಾಕ್, ಅಕ್ಕ. ನಾ ಸೋತೆ. ನಿನ್ನ ಹೆಸ್ರ್ ಕೇಳಿದ್ ನಂದ್ ತಪ್ಪಾತ್."